ಬೆಣ್ಣೆ ನನ್ನ ಜೊತೆ ಬರ್ತಾಳೆ

ಹೆಣ್ಣು ನೋಡಲು ಮಲ್ಲೇಶ್ವರದ ಮನೆಗೆ ಹೋದ ದಿನ ದೀಪ್ತಿ ಒಂದೇ ಒಂದು ಷರತ್ತು ಹಾಕಿದ್ದಳು. ಮಡಿಲಲ್ಲಿ ಮಲಗಿದ್ದ ಬಿಳಿ ಬೆಕ್ಕಿನ ಬೆನ್ನು ಸವರುತ್ತ ಕಣ್ಣೆತ್ತಿ, "ಬೆಣ್ಣೆ ನನ್ನ ಜೊತೆ ಬರ್ತಾಳೆ. ನಿಮಗೆ ಪರವಾಗಿಲ್ವಾ?" ಎಂದು ಕೇಳಿದ್ದಳು. ಆ ಕಣ್ಣುಗಳು ಹುಲಿಯನ್ನು ತರುತ್ತೇನೆಂದಿದ್ದರೂ ಅಭಿರಾಮ ತಲೆಯಾಡಿಸುತ್ತಿದ್ದ.

ಅವನಿಗೆ ಚಿಕ್ಕಂದಿನಿಂದಲೂ ಉಬ್ಬಸ. ಧೂಳು, ಊದುಬತ್ತಿಯ ಹೊಗೆ, ಬೆಕ್ಕಿನ ಕೂದಲು, ಯಾವುದೂ ಆಗುತ್ತಿರಲಿಲ್ಲ. ಆದರೆ ಅವನ ತಾಯಿ ಜಾನಕಮ್ಮ, ಉಬ್ಬಸದ ಗಂಡಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಮದುವೆ ಮುಗಿಯುವ ತನಕ ತುಟಿ ಬಿಚ್ಚಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಮದುವೆ ಮುಗಿಯಿತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಚಾಮರಾಜಪೇಟೆಯಲ್ಲಿ ಗಂಡ ಹೆಂಡತಿ ಹಿಡಿದದ್ದು ಎರಡು ಕೋಣೆಯ ಬಾಡಿಗೆ ಮನೆ. ಬೆಣ್ಣೆ ಬಂದ ವಾರದೊಳಗೇ ಅದನ್ನು ತನ್ನದಾಗಿಸಿಕೊಂಡಳು. ಹಾಸಿಗೆ, ದಿಂಬು, ಆಫೀಸಿಗೆಂದು ಇಸ್ತ್ರಿ ಮಾಡಿಟ್ಟ ಅಂಗಿ, ಎಲ್ಲದರ ಮೇಲೂ ಬಿಳಿ ಕೂದಲು.

ಎಲ್ಲಕ್ಕಿಂತ ಹೆಚ್ಚಾಗಿ ದೀಪ್ತಿಯ ಸೀರೆಯ ಮೇಲೆ. ಅವಳು ಕಾಫಿ ತಂದು ಪಕ್ಕದಲ್ಲಿ ಕೂತು, ಪೇಪರಿನ ಅಂಚಿನಿಂದ ತುಂಟ ಕಣ್ಣಲ್ಲಿ ಇಣುಕುತ್ತಿದ್ದಳು. ಅವಳ ಕತ್ತಿನ ಹತ್ತಿರ ಮಲ್ಲಿಗೆ ಘಮ್ಮೆನ್ನುತ್ತಿತ್ತು. ಅಭಿರಾಮ ಆಸೆಯಿಂದ ಬಾಗಿದರೆ ಸಾಕು, ಮೂಗು ಕಡಿಯತೊಡಗುತ್ತಿತ್ತು, ಎದೆ ಬಿಗಿಯುತ್ತಿತ್ತು. ನೆಗಡಿ ಎಂದು ಹೇಳಿ ಎದ್ದುಬಿಡುತ್ತಿದ್ದ. ಕೋಣೆಯೊಳಗೆ ಸೆಖೆ ಎಂದು ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದ. ಅದು ಡಿಸೆಂಬರ್ ತಿಂಗಳು.

ಉಬ್ಬಸಕ್ಕೆ ಔಷಧಿ ಎಳೆದುಕೊಳ್ಳುವ ಪಂಪನ್ನು ಅವನು ಸ್ಕೂಟರಿನ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದ. ಪೆಟ್ರೋಲ್ ನೋಡಿ ಬರುತ್ತೇನೆಂದು ಕಾಂಪೌಂಡಿಗೆ ಹೋಗಿ, ಗೋಡೆಗೆ ಮುಖ ಮಾಡಿ ಎರಡು ಸಲ ಎಳೆದುಕೊಂಡು ಬರುತ್ತಿದ್ದ. ಬೆಣ್ಣೆಯನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದರೆ ಅವಳು ಅಡುಗೆಮನೆಯ ಕಿಟಕಿಯಿಂದ ಒಳಬಂದು, ಹೆಂಡತಿಯ ತೊಡೆಯೇರಿ, ಅವನನ್ನೇ ನೋಡುತ್ತ ಕಣ್ಣು ಮುಚ್ಚುತ್ತಿದ್ದಳು. ಬೆಕ್ಕಿನ ಮೇಲೆ ಸಿಟ್ಟು, ಅಮ್ಮನ ಮೇಲೆ ಸಿಟ್ಟು, ಬಾಯಿಬಿಡಲಾಗದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಕೈಗೆಟುಕುವಷ್ಟು ದೂರದಲ್ಲಿ ಹೆಂಡತಿ ಇದ್ದಾಳೆ, ಕೈ ಚಾಚುವಂತಿಲ್ಲ. ಇದೆಂಥ ಸಂಸಾರ!

ದೀಪ್ತಿ ಮೆಲ್ಲಗೆ ತಮಾಷೆ ಮಾಡುವುದನ್ನು ಬಿಟ್ಟಳು. ಪೇಪರಿನಂಚಿನಿಂದ ಇಣುಕುವುದನ್ನೂ ಬಿಟ್ಟಳು.

ಒಂದು ಸಂಜೆ ಅವನು ಆಫೀಸಿನಿಂದ ಬಂದಾಗ ಹೊಸ ಸೀರೆಯುಟ್ಟು ಕಾದಿದ್ದಳು. ಅವನ ಕಾಲರಿನ ಮೇಲಿದ್ದ ಕೂದಲೊಂದನ್ನು ತೆಗೆದು, ಕೈಯನ್ನು ಅಲ್ಲೇ ಉಳಿಸಿಕೊಂಡಳು.

"ರೀ, ನಿಜ ಹೇಳಿ. ಬೇರೆ ಯಾರನ್ನಾದ್ರೂ ಇಷ್ಟಪಟ್ಟಿದ್ರಾ?"

ಇಲ್ಲ ಎನ್ನಲು ಬಾಯಿ ತೆರೆದ. ಮಾತು ಬರಲಿಲ್ಲ, ಎದೆಯಿಂದ ಸಿಳ್ಳೆಯಂಥ ಸದ್ದು ಬಂತು. ಗೋಡೆ ಹಿಡಿದು ಕುಸಿದವನು ಸ್ಕೂಟರಿನ ಕೀಲಿಕೈಯನ್ನು ಅವಳತ್ತ ಚಾಚಿ, ಡಿಕ್ಕಿ ಎಂದು ತುಟಿಯಾಡಿಸಿದ. ಅವಳು ಓಡಿಹೋಗಿ ಡಿಕ್ಕಿ ತೆಗೆದಳು, ಪಂಪನ್ನು ಕಂಡಳು, ತಂದು ಅವನ ಬಾಯಿಗಿಟ್ಟಳು.

ಆಟೋದಲ್ಲಿ ಗಾಂಧಿಬಜಾರಿನ ಡಾಕ್ಟರ ಬಳಿಗೆ ಕರೆದೊಯ್ದಳು. ಎಷ್ಟು ವರ್ಷದಿಂದ ಆಸ್ತಮಾ ಎಂದು ಡಾಕ್ಟರು ಕೇಳಿದರು, ಮನೆಯಲ್ಲಿ ಬೆಕ್ಕುಂಟೇ ಎಂದೂ ಕೇಳಿದರು. ಅಭಿರಾಮನ ಉತ್ತರಗಳನ್ನೆಲ್ಲ ದೀಪ್ತಿ ನೆಲ ನೋಡುತ್ತ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಬೆಣ್ಣೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ.

ಅಭಿರಾಮ ಹಾಸಿಗೆ ಬಟ್ಟೆಯೆಲ್ಲ ಒಗೆದ, ಮನೆಯೆಲ್ಲ ಒರೆಸಿದ. ಆ ಮನೆಯಲ್ಲಿ ಮೊದಲ ಸಲ ಸರಾಗವಾಗಿ ಉಸಿರು ಬಂತು. ಅದರಿಂದ ಯಾವ ಸುಖವೂ ಆಗಲಿಲ್ಲ. ಬೂತಿನಿಂದ ಫೋನ್ ಮಾಡಿದಾಗಲೆಲ್ಲ ಅತ್ತೆ, ಅವಳು ದೇವಸ್ಥಾನಕ್ಕೆ ಹೋಗಿದ್ದಾಳೆ ಎನ್ನುತ್ತಿದ್ದರು. ಭಾನುವಾರ ಅವನೇ ಹೊರಟ.

ದೀಪ್ತಿ ಬಾಗಿಲನ್ನು ಹಿಂದೆ ಮುಚ್ಚಿಕೊಂಡು ಗೇಟಿನವರೆಗೆ ಬಂದಳು.

"ಒಳಗೆ ಕರೆಯಲ್ಲ. ಬೆಣ್ಣೆ ಇದಾಳೆ."

"ತಪ್ಪಾಯ್ತು ದೀಪ್ತಿ. ಮದುವೆ ಮುಗಿಯೋವರೆಗೆ ಹೇಳ್ಬೇಡ ಅಂತ ಅಮ್ಮ ಅಂದಿದ್ರು."

"ಅತ್ತೆ ಹೇಳಿದ್ದು ಮದುವೆ ಆಗೋವರೆಗೆ. ಆಮೇಲೆ?"

ಅವನು ಗೇಟಿನ ಕಂಬಿಯನ್ನು ಹಿಡಿದುಕೊಂಡ. "ಭಯ ಆಯ್ತು. ಹೇಳಿದ್ರೆ ನೀನು ಬೆಕ್ಕೇ ಸಾಕು ಅಂತೀಯೇನೋ ಅಂತ."

ಅವಳ ತುಟಿ ನಡುಗಿತು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

"ನೀವು ಎದ್ದು ಹೋದಾಗೆಲ್ಲ ನಾನು ಚೆನ್ನಾಗಿಲ್ವೇನೋ ಅಂದ್ಕೊಂಡೆ. ಬೆಣ್ಣೆನ ಬಿಟ್ಟಿರೋದು ಕಷ್ಟಾನೇ. ಆದ್ರೆ ಹಾಗೆ ಅಂದ್ಕೊಂಡು ಇರೋದು ಅದಕ್ಕಿಂತ ಕಷ್ಟ ಆಗಿತ್ತು."

"ನೀನು ಚೆನ್ನಾಗಿದೀಯ ಅಂತಾನೇ ಅಷ್ಟು ದಿನ ಉಸಿರುಕಟ್ಟಿ ಕೂತಿದ್ದೆ."

ದೀಪ್ತಿ ಮುಖ ತಿರುಗಿಸಿದಳು. ಆದರೆ ಸೀರೆ ಬದಲಿಸಿ ಬರುತ್ತೇನೆ, ಇಲ್ಲೇ ನಿಂತಿರಿ ಎಂದಳು.

ಬೆಣ್ಣೆ ಮಲ್ಲೇಶ್ವರದಲ್ಲೇ ಉಳಿದಳು. ಭಾನುವಾರಗಳು ಮಾತ್ರ ಅವಳವು. ಆ ದಿನ ಬೆಳಿಗ್ಗೆ ಹೋದ ದೀಪ್ತಿ ಸಂಜೆ ಹಿತ್ತಿಲ ಬಾಗಿಲಿನಿಂದ ನೇರ ಬಚ್ಚಲಿಗೆ ನಡೆಯುತ್ತಿದ್ದಳು. ಅಭಿರಾಮ ಪೇಪರಿನ ಒಂದೇ ಸಾಲನ್ನು ಓದುತ್ತ ಚಡಪಡಿಸುತ್ತಿದ್ದ. ಇನ್ನೂ ಎಷ್ಟು ಹೊತ್ತು ಎಂದರೆ, ಇನ್ನೊಂದು ಸಲ ತಲೆ ತೊಳೆಯಬೇಕು ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಮೊದಲ ಭಾನುವಾರ ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದು, ತುಸು ದೂರದಲ್ಲೇ ನಿಂತಳು.

"ಈಗ ಬನ್ನಿ, ನೋಡೋಣ."

ಅವನು ಹತ್ತಿರ ಹೋಗಿ, ಅವಳ ಒದ್ದೆ ಕತ್ತಿಗೆ ಮುಖವಿಟ್ಟು, ಎದೆ ತುಂಬ ಉಸಿರೆಳೆದುಕೊಂಡ. ಇಬ್ಬರೂ ಅಲುಗಾಡದೆ ಕಾದರು.

"ಸೀನು ಬರ್ಲಿಲ್ಲ," ಎಂದ ಅವನು.

"ಹಾಗಿದ್ರೆ ಇನ್ನೂ ಯಾಕೆ ಮೂಸ್ತಿದೀರಿ?" ಎಂದಳು ದೀಪ್ತಿ, ದೂರ ಸರಿಯದೆ.