ರಾಣಿಯ ಸ್ನಾನದ ಕೊಳದ ಮುಂದೆ

"ಆಹಾ... ಎಂಥಾ ಪ್ರೀತಿ!"

ರಾಣಿಯ ಸ್ನಾನದ ಕೊಳವನ್ನು ಬಗ್ಗಿ ನೋಡುತ್ತಿದ್ದ ಗಂಡಸಿನ ಮಾತು ಕೇಳಿ ಸುಯುನ್ ಮುಖ ಸಿಂಡರಿಸಿದಳು.

ಆ ದನಿ! ದೊಡ್ಡಮ್ಮ ಹುಡುಕಿದ ಗಂಡು, ಮೂರು ತಿಂಗಳಿಂದ ಫೋನಿನಲ್ಲೇ ಅವಳ ಮನಸ್ಸು ಕರಗಿಸಿದ್ದ ಬೋಯಾನ್... ಇವನೇನಾ? ಥೂ!

ಹುವಾಚಿಂಗ್ ಅರಮನೆಗೆ ಇನ್ನೆಂದೂ ಕಾಲಿಡುವುದಿಲ್ಲ ಎಂದುಕೊಂಡಿದ್ದಳು ಅವಳು. ಹಿಂದೆ ಚೀನಾದ ಚಕ್ರವರ್ತಿಯೊಬ್ಬ ತನ್ನ ಮೆಚ್ಚಿನ ರಾಣಿಗಾಗಿ ಕಟ್ಟಿಸಿದ ಈ ಕೊಳ ಜನರ ಕಣ್ಣಿಗೆ ಅಮರ ಪ್ರೀತಿಯ ಗುರುತು. ಬಿಸಿನೀರ ಬುಗ್ಗೆಯ ಮುಗ್ಗಲು ವಾಸನೆ, ಬತ್ತಿದ ಕಲ್ಲುಕೊಳದಲ್ಲಿ ಜನ ಎಸೆದ ಜಿಡ್ಡು ನೋಟುಗಳು, ಅದರ ಮುಂದೆ ಕೆನ್ನೆಗೆ ಕೆನ್ನೆ ತಾಗಿಸಿ ಫೋಟೊ ತೆಗೆಸಿಕೊಳ್ಳುವ ಜೋಡಿಗಳು... ಎಲ್ಲವೂ ಅಸಹ್ಯ!

ಮದುವೆಯಾದ ಹೊಸದರಲ್ಲಿ ಗಂಡ ಇಲ್ಲೇ ಆಣೆ ಇಟ್ಟಿದ್ದ, "ಸಾಯೋವರೆಗೂ ಕೈಬಿಡಲ್ಲ" ಎಂದು. ಮಕ್ಕಳಾಗಲಿಲ್ಲ. ಅವನಮ್ಮ ಇವಳು ಬೇಡ ಎಂದಳು. ಅವನು ತಲೆ ತಗ್ಗಿಸಿ ವಿಚ್ಛೇದನಕ್ಕೆ ಸಹಿ ಹಾಕಿದ.

"ನೀವು... ಸುಯುನ್ ಅಲ್ವಾ?" ಬೋಯಾನ್ ನಗುತ್ತ ತಿರುಗಿದ.

"ಮಗನ ಹೆಂಡ್ತೀನೇ ಕಿತ್ಕೊಂಡು ರಾಣಿ ಮಾಡ್ಕೊಂಡವನು ಆ ಚಕ್ರವರ್ತಿ! ಸೈನಿಕರು ತಿರುಗಿಬಿದ್ದಾಗ ತನ್ನ ಸಿಂಹಾಸನ ಉಳಿಸ್ಕೊಳ್ಳೋಕೆ ಅವಳ ಕುತ್ತಿಗೆಗೆ ಹಗ್ಗ ಬಿಗಿಯೋಕೆ ಒಪ್ದ. ಅದು ನಿಮಗೆ ಪ್ರೀತಿನಾ? ನನಗೆ ವಾಂತಿ ಬರುತ್ತೆ!"

ಅವಳು ಹೊರಟೇಬಿಟ್ಟಳು. ಅವನು ಹಿಂದೆಯೇ ಓಡಿಬಂದ.

"ಅಯ್ಯೋ, ನಿಲ್ರೀ! ನಾನು ವ್ಯಂಗ್ಯವಾಗಿ ಅಂದಿದ್ದು! ಆ ಮುದುಕನ ಕಥೆ ಕೇಳಿದ್ರೆ ನನಗೂ ಮೈ ಉರಿಯುತ್ತೆ!"

"ಮತ್ತೆ ಇಲ್ಲಿಗೇ ಯಾಕೆ ಕರೆಸಿದ್ರಿ?"

"ನಾನೆಲ್ಲಿ ಕರೆಸಿದೆ? ಈ ಜಾಗ ಅಂದ್ರೆ ನಿಮಗೆ ಪ್ರಾಣ ಅಂತ ನಿಮ್ಮ ದೊಡ್ಡಮ್ಮ ಹೇಳಿದ್ರು!"

"ಅವರು ನನ್ನ ಹತ್ರ, ಈ ಜಾಗ ಅಂದ್ರೆ ನಿಮಗೇ ಪ್ರಾಣ ಅಂದಿದ್ರಲ್ಲ!"

ನಗು ಉಕ್ಕಿಬಂತು. ನುಂಗಿಕೊಂಡಳು. ಗಂಡಸರ ಮಾತು ನಂಬಿ ಪಟ್ಟ ಪಾಡು ಸಾಲದೇ?

"ನಾಳೆ ನಿಮ್ಮಮ್ಮ ನಾನು ಬೇಡ ಅಂದ್ರೆ?"

ಅವನ ಮುಖ ಬಾಡಿತು. "ಇವತ್ತೇ ಅಂದ್ರು. ಗಂಡ ಬಿಟ್ಟವಳು ಬೇಡ ಅಂತ ಬಾಗಿಲಿಗೆ ಅಡ್ಡ ನಿಂತಿದ್ರು. ಜಗಳ ಆಡ್ಕೊಂಡೇ ಬಂದೆ."

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅಮ್ಮ!

ಸುಯುನ್ ಮುಖ ತಿರುಗಿಸಿದಳು. ಇನ್ನೊಂದು ತಲೆ ತಗ್ಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ...

"ಅಮ್ಮಾ, ಅವಳ ಜೊತೇಲೇ ಇದ್ದೀನಿ. ಬೈಯಿ, ಎಷ್ಟಾದ್ರೂ ಬೈಯಿ. ಆದ್ರೆ ಇವಳನ್ನ ಬಿಡಲ್ಲ. ರಾತ್ರಿ ಸೊಸೆಗೂ ಸೇರಿಸಿ ಅಡುಗೆ ಮಾಡು."

ಅವಳ ಕಣ್ಣು ತುಂಬಿಬಂತು.

"ಸೊಸೆ ಅಂದುಬಿಟ್ರಿ! ನಾನೆಲ್ಲಿ ಒಪ್ಕೊಂಡೆ?"

"ಒಪ್ಪಲ್ವಾ...?"

ಅವಳು ಅವನ ತೋಳು ಹಿಡಿದು ಗೇಟಿನ ಕಡೆ ಎಳೆದಳು.

"ಒಪ್ತೀನಿ ಕಣೋ! ಆದ್ರೆ ಇಲ್ಲಿ ನಿಂತಲ್ಲ. ಮೊದಲು ಈ ಹಾಳು ಅರಮನೆಯಿಂದ ನನ್ನ ಆಚೆ ಕರ್ಕೊಂಡು ಹೋಗು..."