ಒಂಬತ್ತನೇ ತರಗತಿಯ ಪಟ್ಟಿ

ಪೋಷಕರ ಸಭೆಯಲ್ಲಿ, ಎಲ್ಲರ ಎದುರೇ, ಮುಖ್ಯ ಶಿಕ್ಷಕಿ ಪಂಕಜಾಕ್ಷಿ ನೋಟಿಸ್ ಬೋರ್ಡಿನಿಂದ ಒಂದು ಹಾಳೆಯನ್ನು ಕಿತ್ತರು. ಮಕ್ಕಳ ಹೆಸರು, ಆಧಾರ್ ಸಂಖ್ಯೆ, ತಾಯಂದಿರ ಮೊಬೈಲ್ ನಂಬರ್ ಇದ್ದ ಹಾಳೆ. ಅಂಟಿಸಿದ್ದು ಗುಮಾಸ್ತ ಶೀನಪ್ಪ.

"ಇದನ್ನು ಯಾರು ಬೇಕಾದ್ರೂ ಫೋಟೋ ತೆಗೀಬಹುದು ಶೀನಪ್ಪಣ್ಣ. ಇನ್ನು ಮಕ್ಕಳ ಮಾಹಿತಿ ನನ್ನ ಹತ್ರವೇ ಇರ್ತದೆ. ಹೊರಗೆ ಹೋದ್ರೆ ನಾನೇ ಜವಾಬ್ದಾರಿ."

ಮರುದಿನ ದಾಖಲೆಗಳ ಕಪಾಟಿನ ಕೀಲಿಕೈಯೂ ಶೀನಪ್ಪನಿಂದ ಅವರ ಕೈಗೆ ಹೋಯಿತು. ಜಾಲ್ಸೂರಿನ ಹತ್ತಿರದ ಆ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ದಾಖಲಾತಿ ಬರೆದವನು, ಬಂದು ವರ್ಷವೂ ಆಗದವರ ಮುಂದೆ ಕೀಲಿಗಾಗಿ ಕೈಚಾಚಿ ನಿಲ್ಲಬೇಕಾಯಿತು.

ಹೊರಗೆ ಹೋದರೆ ತಾನೇ ಜವಾಬ್ದಾರಿ ಎಂದಿದ್ದಾರಲ್ಲ, ಹೋಗಲಿ ಎಂದುಕೊಂಡ ಶೀನಪ್ಪ.

ಬಸ್ ಪಾಸಿನ ಕೆಲಸಕ್ಕೆಂದು ಒಂಬತ್ತನೇ ತರಗತಿಯ ಪಟ್ಟಿಯೊಂದನ್ನು ಪಂಕಜಾಕ್ಷಿ ಟೀಚರ್ ಅವನಿಗೆ ಕೊಟ್ಟಿದ್ದರು. ಅಂಥದೇ ಪಟ್ಟಿ ಬಿಸಿಯೂಟದವರ ಬಳಿಯೂ ಇತ್ತು, ಪಿ.ಟಿ. ಮಾಸ್ಟರ ಬಳಿಯೂ ಇತ್ತು. ಯಾರಿಂದ ಹೋಯಿತೆಂದು ಯಾರೂ ಹೇಳಲಾರರು. ಫೋಟೋ ಹಾಕಿದರೆ ಹಾಳೆಯ ಮಡಿಕೆಯೋ ಪೆನ್ನಿನ ಗೀಟೋ ಗುರುತು ಕೊಟ್ಟೀತು. ಆದ್ದರಿಂದ ಹೊಸದಾಗಿ ಟೈಪ್ ಮಾಡುವುದು. ಹತ್ತಿರದ ಸುಳ್ಯದಲ್ಲಿ ಗುರುತಿನವರು ಹೆಚ್ಚು, ಆದ್ದರಿಂದ ಪುತ್ತೂರು.

ಶನಿವಾರ ಮಧ್ಯಾಹ್ನ ಪುತ್ತೂರಿನ ಸೈಬರ್ ಅಂಗಡಿಯೊಂದರ ಮೂಲೆಯಲ್ಲಿ ಕುಳಿತು, ಬಾಗಿಲ ಕಡೆ ಒಂದು ಕಣ್ಣಿಟ್ಟು, ನಲವತ್ತಮೂರು ಸಾಲು ಟೈಪ್ ಮಾಡಿದ. ಹೆಸರು, ತಾಯಿಯ ನಂಬರ್, ಇಳಿಯುವ ಸ್ಟಾಪ್. ಬೆವರಿಗೆ ಬೆರಳು ಜಾರುತ್ತಿತ್ತು. ಸುಳ್ಳು ಹೆಸರಿನ ಖಾತೆಯೊಂದರಿಂದ ಸಾವಿರಾರು ಜನರಿದ್ದ ಫೇಸ್‌ಬುಕ್ ಗುಂಪಿಗೆ ಅದನ್ನು ಹಾಕಿ, ಮೇಲೆ ಶಾಲೆಯ ಹೆಸರು ಬರೆದ. ಯಾರೋ ಪೋಷಕರು ನೋಡುತ್ತಾರೆ, ಗಲಾಟೆಯಾಗುತ್ತದೆ, ಟೀಚರಿಗೆ ವರ್ಗವಾಗುತ್ತದೆ. ಅಷ್ಟೇ ಅವನಿಗೆ ಬೇಕಾದದ್ದು.

ಮಂಗಳವಾರ ಆಫೀಸಿನ ಬಾಗಿಲಲ್ಲಿ ರಮ್ಲತ್ ನಿಂತಿದ್ದರು. ಅವರ ಮಗಳು, ಒಂಬತ್ತನೇ ತರಗತಿಯ ಶಹನಾ, ಎರಡು ದಿನದಿಂದ ಶಾಲೆಗೆ ಬಂದಿರಲಿಲ್ಲ.

"ಶೀನಪ್ಪಣ್ಣ, ಯಾರೋ ಒಬ್ಬ ಫೋನ್ ಮಾಡ್ತಾ ಇದ್ದಾನೆ. ಸ್ಕಾಲರ್‌ಶಿಪ್ ಆಫೀಸಿನವ ಅಂತೆ. ಮಗಳ ಹೆಸರು ಹೇಳ್ತಾನೆ. ವೀಡಿಯೋ ಕಾಲಿಗೆ ಅವಳೇ ಬರ್ಬೇಕಂತೆ, ಒಬ್ಳೇ."

"ನಂಬರ್ ಬ್ಲಾಕ್ ಮಾಡಿ," ಎಂದ.

"ಮಾಡಿದೆ. ಬೇರೆ ನಂಬರಿಂದ ಮಾಡಿದ. ಬರದಿದ್ರೆ ನಾಲ್ಕೂವರೆ ಬಸ್ಸಿಗೆ ನಮ್ಮ ಸ್ಟಾಪಲ್ಲಿ ಕಾಯ್ತೇನೆ ಅಂತ ಹೇಳಿದ. ಅವಳ ಅಪ್ಪ ದುಬೈಯಲ್ಲಿ, ಮನೆಯಲ್ಲಿ ನಾವಿಬ್ಬರೇ. ಎಂತ ಮಾಡುದು? ನಿಮಗೆ ಇದೆಲ್ಲ ಗೊತ್ತುಂಟಲ್ಲ."

ಆ ಸ್ಟಾಪಿನ ಹೆಸರನ್ನು ಟೈಪ್ ಮಾಡಿದ್ದು ಅವನದೇ ಬೆರಳು. ಹೇಳಿಬಿಡಬೇಕೆನಿಸಿತು. "ಟೀಚರಿಗೆ ತಿಳಿಸಿ," ಎಂದಷ್ಟೇ ಹೇಳಿದ.

ಮಧ್ಯಾಹ್ನವೇ ಪುತ್ತೂರಿಗೆ ಓಡಿ ಪಟ್ಟಿಯನ್ನು ಅಳಿಸಿದ. ಆದರೆ ಅದು ಅಷ್ಟರಲ್ಲೇ ಬೇರೆ ಎರಡು ಗುಂಪುಗಳಿಗೆ ಹೋಗಿತ್ತು. ಅದನ್ನು ಅಳಿಸುವ ದಾರಿ ಅವನಿಗಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಪ್ರತಿ ಸ್ಟಾಪಿನಲ್ಲೂ ಒಂಟಿಯಾಗಿ ನಿಂತ ಗಂಡಸರ ಮುಖ ನೋಡಿದ. ಯಾರೂ ಆಗಿರಬಹುದಿತ್ತು.

ಬುಧವಾರ ಬೆಳಿಗ್ಗೆ ಟೀಚರ್ ಕರೆದರು. ತರಗತಿಯ ಪಟ್ಟಿ ಹೊರಗೆ ಹೋಗಿದೆಯೆಂದೂ ಪೊಲೀಸರು ಶಹನಾಳ ಸ್ಟಾಪಿನಲ್ಲಿ ನಿಂತಿದ್ದಾರೆಂದೂ ಅವಳು ಇವತ್ತು ಶಾಲೆಗೆ ಬಂದಿದ್ದಾಳೆಂದೂ ಹೇಳಿದರು. ಶೀನಪ್ಪನ ಉಸಿರು ಸ್ವಲ್ಪ ಕೆಳಗಿಳಿಯಿತು. ಪಟ್ಟಿ ಮೂವರ ಹತ್ತಿರ ಇತ್ತಲ್ಲವೇ ಎಂದು ತಾನೇ ನೆನಪಿಸಿದ.

"ಹೌದು, ಮೂರು ಪಟ್ಟಿ," ಎಂದರು ಟೀಚರ್, ಮೇಜಿನ ಮೇಲಿದ್ದ ಒಂದು ಸಣ್ಣ ಮೊಬೈಲನ್ನು ಅವನ ಕಡೆ ಸರಿಸುತ್ತ. "ಒಂದೊಂದರಲ್ಲಿಯೂ ಶಾಲೆಯಲ್ಲಿ ಇಲ್ಲದ ಒಂದೊಂದು ಬೇರೆ ಮಗುವಿನ ಹೆಸರು ಸೇರಿಸಿದ್ದೆ. ನಂಬರ್ ಮಾತ್ರ ಈ ಮೊಬೈಲಿನದು. ನಿನ್ನೆ ಇದಕ್ಕೆ ಫೋನ್ ಬಂತು. ಮನ್ವಿತಾನ ಅಮ್ಮನಾ ಅಂತ ಒಬ್ಬ ಕೇಳಿದ. ಮನ್ವಿತಾ ಇದ್ದದ್ದು ನಿಮಗೆ ಕೊಟ್ಟ ಪಟ್ಟಿಯಲ್ಲಿ ಮಾತ್ರ, ಶೀನಪ್ಪಣ್ಣ."