ಗುರುವಾರದ ಕುರ್ಚಿ

ಅವರು ಮೊದಲ ಸಲ ಬಂದದ್ದು ಒಂದು ಗುರುವಾರ, ನಮ್ಮ ಕನ್ನಡಕದ ಅಂಗಡಿಯ ಕಂಪ್ಯೂಟರ್ ಪ್ರೋಗ್ರಾಂ ರಿಪೇರಿಗೆ, ಕಂಪನಿಯ ಕಡೆಯಿಂದ. ಡಾಕ್ಟರ ಚೀಟಿಯ ಫೋಟೋ ತೆರೆದು, ಪವರ್ ಓದಿ, ಲೆನ್ಸಿನ ಆರ್ಡರನ್ನು ತಾನೇ ತುಂಬುವ ಪ್ರೋಗ್ರಾಂ ಅದು. ಬೆಳಿಗ್ಗೆ ಕುದುರೆ, ಮಧ್ಯಾಹ್ನ ಆಮೆ, ಮೂರು ಗಂಟೆಗೆ ಅಲ್ಲಾಡದ ಬಂಡೆ.

ಕಂಪ್ಯೂಟರಿನ ಮೆಮೊರಿ ತುಂಬುವ ಅಂಕಿ ಹೇಗೆ ಏರುತ್ತದೆಂದು ದಿನವಿಡೀ ಕೂತು ನೋಡಬೇಕು ಅಂದರು. ಒಳಗಿನಿಂದ ಇನ್ನೊಂದು ಕುರ್ಚಿ ತಂದು ನನ್ನದರ ಪಕ್ಕ ಹಾಕಿದೆ.

ಅರ್ಧ ಗಂಟೆಗೊಮ್ಮೆ ನಾನು ಪರದೆಯ ಅಂಕಿ ಓದುವುದು, ಅವರು ನೋಟ್‌ಬುಕ್ಕಿನಲ್ಲಿ ಬರೆಯುವುದು. ನಡುನಡುವೆ ಅವರ ಕಣ್ಣು ನನ್ನ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ಮೇಲೆ ಬಂದು ಕೂರುತ್ತಿತ್ತು. ನಾನು ತಿರುಗಿದರೆ ಕಳ್ಳನ ಹಾಗೆ ಪರದೆಗೆ ಓಡುತ್ತಿತ್ತು.

ಸಂಜೆ ಒಂದು ಉಪಾಯ ಹೇಳಿಕೊಟ್ಟರು. ದಿನಾ ಊಟದ ಹೊತ್ತಿಗೆ ಪ್ರೋಗ್ರಾಂ ಒಮ್ಮೆ ಮುಚ್ಚಿ ತೆರೆದರೆ ಸಂಜೆಯವರೆಗೆ ಓಡುತ್ತದೆ, ಆಗಲೂ ನಿಂತರೆ ಫೋನ್ ಮಾಡಿ ಅಂದರು.

ಮುಂದಿನ ಬುಧವಾರ ನಿಂತಿತು, ಫೋನ್ ಮಾಡಿದೆ, ಗುರುವಾರ ಬಂದರು. ಅದರ ಮುಂದಿನ ಎರಡು ಬುಧವಾರವೂ ಹಾಗೇ. ಕೌಂಟರಿನಲ್ಲಿದ್ದ ಅತ್ತಿಗೆ ಗಾಜು ಒರೆಸುತ್ತಾ, "ಏನೇ, ನಿನ್ನ ಮಿಷನ್ನಿಗೂ ವಾರ ಗೊತ್ತಾಗತ್ತಾ?" ಅಂದರು. ನಾನು ಕೇಳಿಸದವಳ ಹಾಗೆ ಚೀಟಿ ಜೋಡಿಸಿದೆ.

ನಾಲ್ಕನೇ ಗುರುವಾರ ಬಂದವರೇ, ನಾಳೆಯಿಂದ ಕಂಪನಿಯವರು ತಮ್ಮನ್ನು ಊರಿನ ಆ ಕೊನೆಯ ಕೆಲಸಕ್ಕೆ ಹಾಕಿದ್ದಾರೆ, ಇವತ್ತೇ ಮುಗಿಸಬೇಕು ಅಂದರು. ಹತ್ತು ನಿಮಿಷ ಏನೋ ಟೈಪ್ ಮಾಡಿದರು, ಅಷ್ಟೇ. ಆಮೇಲೆ ದಿನವಿಡೀ ಅಂಕಿ ಏರಲೇ ಇಲ್ಲ. ಪಕ್ಕದಲ್ಲೇ ಇದ್ದರು, ಆಗಲೇ ನೆನಪಾಗತೊಡಗಿದ್ದರು.

ಅಂಗಡಿಗಿರಲಿ ಎಂದು ನೋಟ್‌ಬುಕ್ ಕೊಟ್ಟರು. ಮೊದಲ ಪುಟದಲ್ಲಿ, ಮೊದಲ ದಿನದ ಅಂಕಿಗಳ ಕೆಳಗೆ ಬರೆದಿತ್ತು: ಓದಿದ ಫೋಟೋಗಳನ್ನು ಮುಚ್ಚದೆ ಹಿಡಿದುಕೊಳ್ಳುತ್ತಿದೆ. ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

"ಮೊದಲ ದಿನವೇ ಗೊತ್ತಿತ್ತಾ?"

ಬ್ಯಾಗಿನ ಜಿಪ್ ಅರ್ಧಕ್ಕೆ ನಿಂತಿತು. "ಗೊತ್ತಿತ್ತು. ನಿಮ್ಮ ಕೆಲಸ ಕೆಡಿಸಿದೆ, ತಪ್ಪಾಯ್ತು. ಸರಿಮಾಡಿಬಿಟ್ಟರೆ ಮತ್ತೆ ಬರೋಕೆ ನೆಪ ಇರ್ತಿರಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಯಾವ ಮುಖ ಇಟ್ಟುಕೊಂಡು ಬಂದೀತು?

"ನೀವು ಹೇಳಿದ ಹಾಗೆ ದಿನಾ ಮುಚ್ಚಿ ತೆರೀತಿದ್ದೆ," ಅಂದೆ. "ಬುಧವಾರ ಒಂದು ಬಿಟ್ಟು."

ಅತ್ತಿಗೆಯ ಒರೆಸುವ ಬಟ್ಟೆ ನಿಂತಿತು. ಬ್ಯಾಗ್ ಹಿಡಿದು ನಿಂತಿದ್ದ ಅವರ ಮುಖದಲ್ಲಿ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂದದ್ದು ಹೋಗಲಿಲ್ಲ.

"ಇನ್ನು ಅದು ಕೆಡಲ್ಲ," ಅಂದರು ಮೆಲ್ಲಗೆ.

"ಕೆಡದಿದ್ರೂ ಬನ್ನಿ."

ನನ್ನ ಕೈಯಿಂದ ನೋಟ್‌ಬುಕ್ ವಾಪಸ್ ತೆಗೆದುಕೊಂಡು, "ಇದು ನನ್ನ ಹತ್ರ ಇರಲಿ. ಗುರುವಾರ ತಂದುಕೊಡ್ತೀನಿ," ಅಂದರು.

ಆ ವಾರವೆಲ್ಲ ಮಿಷನ್ ಸಂಜೆಯವರೆಗೂ ಕುದುರೆ. ಹೊತ್ತು ಸಾಗದೆ ನಿಂತದ್ದು ನನಗೆ. ಬುಧವಾರ ಒಬ್ಬರು ಗಿರಾಕಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಲು ಹೋದರು. ನಾನು ಬಾಯಿ ತೆರೆಯುವ ಮುಂಚೆ ಅತ್ತಿಗೆ ಅಂದರು, "ಅದರಲ್ಲಿ ಕೂರಬೇಡಿ. ನಾಳೆ ಅದಕ್ಕೆ ಜನ ಬರ್ತಾರೆ."